ಒಂದೇ ಫೈಲ್, ಹಲವು ಬೀಗ

1960ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಸಿಟಿಎಸ್‌ಎಸ್ ಎಂಬ ಆಪರೇಟಿಂಗ್ ಸಿಸ್ಟಂ ಇತ್ತು. ಐಬಿಎಂ 7094 ಎಂಬ ದೈತ್ಯ ಯಂತ್ರವನ್ನು ಹಲವು ಮಂದಿ ಬೇರೆ ಬೇರೆ ಟರ್ಮಿನಲ್‌ಗಳಲ್ಲಿ ಕುಳಿತು ಏಕಕಾಲಕ್ಕೆ ಬಳಸಲು ಅನುವು ಮಾಡಿಕೊಟ್ಟ ಮೊದಮೊದಲ ವ್ಯವಸ್ಥೆಗಳಲ್ಲಿ ಅದೂ ಒಂದು. ಲಾಗಿನ್ ಆದ ಕೂಡಲೇ ಬಳಕೆದಾರರಿಗೆ ಆ ದಿನದ ಸೂಚನೆ ಕಾಣಿಸುತ್ತಿತ್ತು. ಒಂದು ದಿನ ಸೂಚನೆಯ ಜಾಗದಲ್ಲಿ ಬೇರೇನೋ ಅಚ್ಚಾಗತೊಡಗಿತು. ಅದು ವ್ಯವಸ್ಥೆಯ ಎಲ್ಲ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್‌ಗಳ ಪಟ್ಟಿ. ಲಾಗಿನ್ ಆದ ಪ್ರತಿಯೊಬ್ಬರಿಗೂ ಅದು ಸಿಕ್ಕಿತು.

ಯಾರೂ ಒಳನುಗ್ಗಿರಲಿಲ್ಲ, ಯಾರೂ ಕದ್ದಿರಲಿಲ್ಲ. ಅಲ್ಲಿನ ಎಡಿಟರ್ ತಿದ್ದುಪಡಿಯ ವೇಳೆ ಒಂದು ತಾತ್ಕಾಲಿಕ ಫೈಲ್ ಸೃಷ್ಟಿಸುತ್ತಿತ್ತು, ಅದರ ಹೆಸರು ಯಾವಾಗಲೂ ಒಂದೇ. ಒಂದು ಡೈರೆಕ್ಟರಿಯಲ್ಲಿ ಒಂದು ಹೊತ್ತಿಗೆ ಒಬ್ಬರೇ ಕೆಲಸ ಮಾಡುತ್ತಾರೆ ಎಂದು ನಂಬಿ ಅದನ್ನು ಬರೆಯಲಾಗಿತ್ತು. ಮುಂದೆ ವ್ಯವಸ್ಥೆಯ ನಿರ್ವಾಹಕರಿಗೆ ಮಾತ್ರ ಈ ನಿಯಮ ಸಡಿಲವಾಯಿತು. ಆ ದಿನ ಒಬ್ಬ ನಿರ್ವಾಹಕ ಪಾಸ್‌ವರ್ಡ್ ಫೈಲನ್ನೂ, ಇನ್ನೊಬ್ಬ ಸೂಚನೆಯ ಫೈಲನ್ನೂ ಒಂದೇ ಡೈರೆಕ್ಟರಿಯಲ್ಲಿ ತಿದ್ದುತ್ತಿದ್ದರು. ತಾತ್ಕಾಲಿಕ ಫೈಲ್ ಅದಲುಬದಲಾಯಿತು. ಸಿಟಿಎಸ್‌ಎಸ್ ಕಟ್ಟಿದ ಫರ್ನಾಂಡೊ ಕೊರ್ಬಟೊ 1990ರ ಟ್ಯೂರಿಂಗ್ ಪ್ರಶಸ್ತಿ ಪಡೆದಾಗ ತಮ್ಮ ಉಪನ್ಯಾಸದಲ್ಲಿ ಈ ಘಟನೆಯನ್ನು ಬಿಡಿಸಿ ಹೇಳಿದರು.

ಒಂದೇ ಫೈಲಿಗೆ ಇಬ್ಬರು ಒಟ್ಟಿಗೆ ಕೈ ಹಾಕಿದಾಗ ಎರಡನೆಯವರನ್ನು ತಡೆಯುವ ಹೊಣೆ ಯಾರದು? ಆಪರೇಟಿಂಗ್ ಸಿಸ್ಟಂ ಬಾಗಿಲಲ್ಲಿ ನಿಂತು ತಡೆಯಬೇಕೇ, ಅಥವಾ ಪ್ರೋಗ್ರಾಂಗಳು ತಮ್ಮತಮ್ಮಲ್ಲೇ ಹೊಂದಿಕೊಂಡು ಹೋಗಬೇಕೇ? ಆರು ದಶಕಗಳಲ್ಲಿ ಒಂದೊಂದು ವ್ಯವಸ್ಥೆ ಒಂದೊಂದು ಉತ್ತರ ಕೊಟ್ಟಿದೆ. ಆ ವ್ಯವಸ್ಥೆ ಯಾವ ಮನೆಯಲ್ಲಿ ಹುಟ್ಟಿತು, ಯಾರ ಕೆಲಸಕ್ಕೆಂದು ಹುಟ್ಟಿತು ಎಂಬುದನ್ನು ನೋಡಿದರೆ ಆ ಉತ್ತರ ಅರ್ಥವಾಗುತ್ತದೆ. ಇಂದು ವಿಂಡೋಸ್ ಒಂದು ಫೈಲನ್ನು ಅಳಿಸಲು ಬಿಡದೆ ಹಟ ಹಿಡಿಯುವುದೂ, ಲಿನಕ್ಸ್ ಅದೇ ಫೈಲನ್ನು ಚಕಾರವೆತ್ತದೆ ಅಳಿಸುವುದೂ ಆ ಹುಟ್ಟಿನ ಗುಣಗಳೇ.

ಮೊದಲ ಗಟ್ಟಿ ಉತ್ತರ ಬಂದದ್ದು ಬ್ಯಾಂಕು, ವಿಮಾ ಕಂಪನಿಗಳ ಲೆಕ್ಕದ ಕೋಣೆಗಳಿಗಾಗಿ. ಐಬಿಎಂ 1964ರಲ್ಲಿ ಸಿಸ್ಟಂ/360 ಯಂತ್ರಗಳನ್ನು ಪ್ರಕಟಿಸಿತು. ಅವುಗಳ ಆಪರೇಟಿಂಗ್ ಸಿಸ್ಟಂ ಓಎಸ್/360ಗೆ ಕೆಲಸ ಒಪ್ಪಿಸುವಾಗ ಪಂಚ್ ಕಾರ್ಡುಗಳ ಕಟ್ಟು ಕೊಡಬೇಕಿತ್ತು. ಬೇಕಾದ ಪ್ರತಿಯೊಂದು ಡೇಟಾ ಸೆಟ್‌ಗೆ (ಫೈಲನ್ನು ಐಬಿಎಂ ಕರೆಯುವುದು ಹಾಗೆ) ಒಂದು ಡಿಡಿ ಕಾರ್ಡು, ಆ ಕಾರ್ಡಿನಲ್ಲಿ ಡಿಸ್ಪ್ ಎಂಬ ಒಂದು ಅಂಶ. ಅಲ್ಲಿ ‘ಓಲ್ಡ್’ ಎಂದು ಬರೆದರೆ ಆ ಡೇಟಾ ಸೆಟ್ ಈ ಕೆಲಸಕ್ಕೆ ಮಾತ್ರ ಮೀಸಲು. ‘ಎಸ್‌ಎಚ್‌ಆರ್’ ಎಂದು ಬರೆದರೆ ಹಂಚಿಕೊಳ್ಳಲು ಒಪ್ಪಿಗೆ. ಪ್ರೋಗ್ರಾಂ ಬರೆದವನು ಬೀಗದ ಬಗ್ಗೆ ಯೋಚಿಸಲೇಬೇಕಿರಲಿಲ್ಲ, ಕಾರ್ಡು ಓದಿ ಆಪರೇಟಿಂಗ್ ಸಿಸ್ಟಂ ಅದನ್ನು ನೋಡಿಕೊಳ್ಳುತ್ತಿತ್ತು.

ಇದರಲ್ಲಿ ಇನ್ನೊಂದು ಜಾಣ್ಮೆ ಇತ್ತು. ಕೆಲಸ ಶುರುವಾಗುವ ಮೊದಲೇ ಅದಕ್ಕೆ ಬೇಕಾದ ಎಲ್ಲ ಡೇಟಾ ಸೆಟ್‌ಗಳ ಹೆಸರನ್ನೂ ಒಟ್ಟಿಗೆ ಕೇಳಲಾಗುತ್ತಿತ್ತು. ಎಲ್ಲವೂ ಸಿಕ್ಕರೆ ಕೆಲಸ ಆರಂಭ, ಒಂದು ಸಿಗದಿದ್ದರೂ ಕಾಯಬೇಕು. ನಾನು ಹಿಡಿದದ್ದು ನಿನಗೆ ಬೇಕು, ನೀನು ಹಿಡಿದದ್ದು ನನಗೆ ಬೇಕು ಎಂದು ಇಬ್ಬರೂ ಅನಂತಕಾಲ ಕಾಯುವ ಡೆಡ್‌ಲಾಕ್‌ಗೆ ಅಲ್ಲಿ ಅವಕಾಶವೇ ಇರಲಿಲ್ಲ. ಐಬಿಎಂನ ಹ್ಯಾವೆಂಡರ್ 1968ರಲ್ಲಿ ಈ ಬಗ್ಗೆ ಬರೆದ ಪ್ರಬಂಧ ಇಂದಿಗೂ ಆಪರೇಟಿಂಗ್ ಸಿಸ್ಟಂ ಪಾಠಗಳ ಬುನಾದಿ. ಬೆಲೆ ಇರಲಿಲ್ಲವೆಂದಲ್ಲ. ಲೆಡ್ಜರನ್ನು ಒಂದು ಕೆಲಸ ರಾತ್ರಿಯಿಡೀ ಹಿಡಿದು ಕುಳಿತರೆ ಉಳಿದವೆಲ್ಲ ಸಾಲಿನಲ್ಲಿ ನಿಲ್ಲುತ್ತಿದ್ದವು, ಕೆಲಸ ಡೇಟಾ ಸೆಟ್‌ಗಾಗಿ ಕಾಯುತ್ತಿದೆ ಎಂಬ ಸಾಲು ಆಪರೇಟರನ ಕನ್ಸೋಲ್ ಮೇಲೆ ಬರುತ್ತಿತ್ತು. ಬ್ಯಾಂಕಿನವರಿಗೆ ಅದು ಒಪ್ಪಿತ. ಲೆಕ್ಕ ತಡವಾದರೂ ಸರಿ, ತಪ್ಪಾಗಬಾರದು. ಐಬಿಎಂ ಮೇನ್‌ಫ್ರೇಮ್‌ಗಳಲ್ಲಿ ಆ ಡಿಸ್ಪ್ ಇಂದಿಗೂ ಹಾಗೆಯೇ ಇದೆ.

ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯುನಿಕ್ಸ್‌ನ ಕಥೆಯೇ ಬೇರೆ. ಒಂದೇ ಕಾರಿಡಾರಿನ, ಪರಸ್ಪರ ಬಲ್ಲ ಸಂಶೋಧಕರ ಗುಂಪಿಗೆಂದು ಅದು ಬೆಳೆಯಿತು. 1974ರ ಜುಲೈನಲ್ಲಿ ಡೆನಿಸ್ ರಿಚಿ ಮತ್ತು ಕೆನ್ ಥಾಂಪ್ಸನ್ ಪ್ರಕಟಿಸಿದ ಪ್ರಸಿದ್ಧ ಪ್ರಬಂಧ, ಯುನಿಕ್ಸ್‌ನಲ್ಲಿ ಬಳಕೆದಾರರಿಗೆ ಕಾಣುವ ಬೀಗಗಳೇ ಇಲ್ಲ ಎಂದು ನೇರವಾಗಿ ಹೇಳುತ್ತದೆ. ಅವರು ಮರೆತು ಬಿಟ್ಟದ್ದಲ್ಲ, ಯೋಚಿಸಿ ಬಿಟ್ಟದ್ದು. ಅವರ ಪ್ರಕಾರ ತಮ್ಮ ಪರಿಸರದಲ್ಲಿ ಬೀಗ ಬೇಕಾಗಿಯೂ ಇಲ್ಲ, ಇದ್ದರೆ ಸಾಲುವುದೂ ಇಲ್ಲ. ಹಲವು ಪ್ರೋಗ್ರಾಂಗಳು ಒಂದೇ ದೊಡ್ಡ ಡೇಟಾಬೇಸ್ ಫೈಲನ್ನು ನಡೆಸುವ ಕೆಲಸ ತಮ್ಮಲ್ಲಿಲ್ಲ, ಆದ್ದರಿಂದ ಬೇಕಿಲ್ಲ. ಇನ್ನು ಎಡಿಟರುಗಳು ಮೂಲ ಫೈಲಿನ ಪ್ರತಿ ಮಾಡಿಕೊಂಡು ತಿದ್ದುತ್ತವೆ, ಇಬ್ಬರು ಹಾಗೆ ತಿದ್ದಿದರೆ ಕೊನೆಗೆ ಉಳಿಸಿದವರದ್ದೇ ಉಳಿಯುತ್ತದೆ, ಓದು-ಬರಹದ ಕ್ಷಣಕ್ಕೆ ಹಾಕಿದ ಬೀಗ ಇದನ್ನು ತಡೆಯಲಾರದು, ಆದ್ದರಿಂದ ಸಾಲದು. ವಾದದ ಎರಡನೆಯ ಭಾಗ ಇಂದಿಗೂ ನಿಲ್ಲುತ್ತದೆ. ಮೊದಲನೆಯದು ಹತ್ತು ವರ್ಷವೂ ಬಾಳಲಿಲ್ಲ.

ಬೀಗ ಕೊಡದಿದ್ದರೆ ಜನ ತಾವೇ ಮಾಡಿಕೊಳ್ಳುತ್ತಾರೆ. ಯುನಿಕ್ಸ್ ಪ್ರೋಗ್ರಾಮರುಗಳು ಕಂಡುಕೊಂಡದ್ದು ಲಾಕ್ ಫೈಲ್. ಕೆಲಸಕ್ಕೆ ಮೊದಲು ಗೊತ್ತಾದ ಹೆಸರಿನ ಒಂದು ಪುಟ್ಟ ಫೈಲ್ ಸೃಷ್ಟಿಸುವುದು, ಅದು ಆಗಲೇ ಇದ್ದರೆ ಬೇರೆಯವರು ಒಳಗಿದ್ದಾರೆ ಎಂದು ತಿಳಿದು ಕಾಯುವುದು, ಮುಗಿದ ಮೇಲೆ ಅಳಿಸುವುದು. ಯಂತ್ರದಿಂದ ಯಂತ್ರಕ್ಕೆ ಫೋನ್ ತಂತಿಯಲ್ಲಿ ಫೈಲ್ ಸಾಗಿಸುವ ಯುಯುಸಿಪಿ, ಮೋಡೆಮ್ ಹಿಡಿಯುವ ಮೊದಲು ಎಲ್‌ಸಿಕೆ ಎಂದು ಆರಂಭವಾಗುವ ಫೈಲನ್ನು ಸ್ಪೂಲ್ ಡೈರೆಕ್ಟರಿಯಲ್ಲಿ ಇಡುತ್ತಿತ್ತು. ಪಾಸ್‌ವರ್ಡ್ ಫೈಲ್ ತಿದ್ದಲು ಪಿಟಿಎಂಪಿ ಎಂಬ ಫೈಲ್, ಅಂಚೆಪೆಟ್ಟಿಗೆಗೆ ಕೊನೆಯಲ್ಲಿ ‘.ಲಾಕ್’ ಎಂದು ಸೇರಿಸಿದ ಫೈಲ್. ಇದರ ಕೊರತೆಗಳನ್ನು ಬರ್ಕ್ಲಿ ವಿಶ್ವವಿದ್ಯಾಲಯದ ಮಾರ್ಷಲ್ ಕರ್ಕ್ ಮೆಕ್ಯೂಸಿಕ್ ಮತ್ತು ಸಂಗಡಿಗರು 1984ರ ಪ್ರಬಂಧದಲ್ಲಿ ಪಟ್ಟಿಮಾಡಿದ್ದಾರೆ. ಕಾಯುವವರು ಮತ್ತೆ ಮತ್ತೆ ಪ್ರಯತ್ನಿಸುತ್ತ ಪ್ರೊಸೆಸರಿನ ಸಮಯ ತಿನ್ನುತ್ತಾರೆ. ಯಂತ್ರ ನಡುವೆ ಕುಸಿದರೆ ಲಾಕ್ ಫೈಲ್ ಅನಾಥವಾಗಿ ಉಳಿದು, ಯಾರಾದರೂ ಕೈಯಾರೆ ಅಳಿಸುವ ತನಕ ಎಲ್ಲವನ್ನೂ ನಿಲ್ಲಿಸುತ್ತದೆ. ನಿರ್ವಾಹಕನ ಅಧಿಕಾರದಲ್ಲಿ ಓಡುವ ಪ್ರೋಗ್ರಾಂಗೆ ಫೈಲ್ ಸೃಷ್ಟಿಯನ್ನು ಯಾರೂ ನಿರಾಕರಿಸಲಾಗದ ಕಾರಣ ಅದಕ್ಕೆ ಬೇರೆ ದಾರಿಯೇ ಬೇಕಾಗುತ್ತದೆ.

ಯುನಿಕ್ಸ್ ವ್ಯಾಪಾರಕ್ಕೆ ಇಳಿದಾಗ ಡೇಟಾಬೇಸಿನವರು ಬೀಗ ಕೇಳಿದರು. ಜಾನ್ ಬಾಸ್ ಎಂಬ ಪ್ರೋಗ್ರಾಮರ್ 1980ರಲ್ಲಿ ಯುನಿಕ್ಸ್ ಏಳನೆಯ ಆವೃತ್ತಿಗೆ ಫೈಲಿನ ಒಂದು ಭಾಗಕ್ಕಷ್ಟೇ ಬೀಗ ಹಾಕುವ ಕರೆಯನ್ನು ಸೇರಿಸಿದ. ಅದು ಕಡ್ಡಾಯ ಬೀಗ, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ಲೇ ಇತರರನ್ನು ತಡೆಯುತ್ತಿತ್ತು. ಮೈಕ್ರೋಸಾಫ್ಟ್‌ನ ಕ್ಸೆನಿಕ್ಸ್ ಅದನ್ನು ಎತ್ತಿಕೊಂಡಿತು. ಬರ್ಕ್ಲಿಯವರು ಮಾತ್ರ ತಮ್ಮದೇ ಯುನಿಕ್ಸ್ ಆವೃತ್ತಿಯಾದ 1983ರ 4.2 ಬಿಎಸ್‌ಡಿಯಲ್ಲಿ ಎಫ್‌ಲಾಕ್ ಎಂಬ ಬೇರೆಯೇ ಕರೆ ತಂದರು. ಅದು ಇಡೀ ಫೈಲಿಗೆ ಹಾಕುವ ಬೀಗ, ಕಡ್ಡಾಯವಲ್ಲ, ಬರಿಯ ಸಲಹೆ. ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆಯುವ ಹಾಗೆ. ಟವೆಲ್ ಕಂಡು ಗೌರವಿಸುವವರಿಗೆ ಆ ಸೀಟು ಹಿಡಿದಾಗಿದೆ, ನೋಡದೆ ಕೂರುವವನನ್ನು ಟವೆಲ್ ಎಬ್ಬಿಸದು. ಎಫ್‌ಲಾಕ್ ಕೇಳದ ಪ್ರೋಗ್ರಾಂ ಆ ಫೈಲಿನ ಮೇಲೆ ಧಾರಾಳವಾಗಿ ಬರೆಯಬಹುದು.

ಬರ್ಕ್ಲಿಯವರ ಆಯ್ಕೆಗೆ ಸಕಾರಣವಿತ್ತು. ಹಲವು ಮಂದಿ ಬಳಸುವ ಯಂತ್ರದಲ್ಲಿ ಕಡ್ಡಾಯ ಬೀಗವೇ ಆಯುಧವಾಗಬಲ್ಲದು. ಎಲ್ಲರೂ ಓದಬಹುದಾದ ಒಂದು ಮುಖ್ಯ ಫೈಲಿಗೆ ಯಾವನೋ ಓದುವ ಬೀಗ ಹಾಕಿ ಕುಳಿತರೆ ಅದನ್ನು ತಿದ್ದಬೇಕಾದವರ ಕೈ ಕಟ್ಟಿಹೋಗುತ್ತದೆ. ಎಟಿ ಅಂಡ್ ಟಿಯ ಯುನಿಕ್ಸ್ ಆದ ಸಿಸ್ಟಂ ಫೈವ್ ಎರಡನ್ನೂ ಕೊಟ್ಟಿತು. ಅಲ್ಲಿ ಎಫ್‌ಸಿಎನ್‌ಟಿಎಲ್ ಎಂಬ ಕರೆಯಿಂದ ಹಾಕುವ ಬೀಗ ಸಾಮಾನ್ಯವಾಗಿ ಸಲಹೆಯದು. ಆದರೆ ಫೈಲಿನ ಅನುಮತಿಗಳಲ್ಲಿ ಗುಂಪಿನ ಸೆಟ್-ಜಿಐಡಿ ಬಿಟ್ ಹಾಕಿ, ಗುಂಪಿನ ಓಡಿಸುವ ಅನುಮತಿ ತೆಗೆದರೆ ಅದೇ ಬೀಗ ಕಡ್ಡಾಯವಾಗುತ್ತಿತ್ತು. ಬೇರೆ ಅರ್ಥವೇ ಇಲ್ಲದ ಒಂದು ಅನುಮತಿ ಜೋಡಿಯನ್ನು ಹುಡುಕಿ ಅದಕ್ಕೆ ಕೆಲಸ ಕೊಟ್ಟದ್ದು. ಸನ್ ಕಂಪನಿಯ ಯುನಿಕ್ಸ್ ಆದ ಸೊಲಾರಿಸ್‌ನಲ್ಲಿ ಅಂಥ ಫೈಲಿನ ಅನುಮತಿ ಸಾಲಿನ ನಡುವೆ ಒಂದು ಸಣ್ಣ ‘ಎಲ್’ ಅಕ್ಷರ ಕಾಣುತ್ತಿತ್ತು.

1988ರಲ್ಲಿ ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗೆ ಪಾಸಿಕ್ಸ್ ಎಂಬ ಮಾನಕ ಹೊರಬಂದಾಗ ಗೆದ್ದದ್ದು ಎಫ್‌ಸಿಎನ್‌ಟಿಎಲ್. ಅದರೊಂದಿಗೆ ಯುನಿಕ್ಸ್ ಇತಿಹಾಸದ ಅತ್ಯಂತ ಹಾನಿಕರ ನಿಯಮಗಳಲ್ಲೊಂದು ಶಾಸನವಾಯಿತು. ಒಂದು ಪ್ರೊಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಂ, ಒಂದು ಫೈಲನ್ನು ಎಷ್ಟು ಸಲ ತೆರೆದಿದ್ದರೂ, ಅವುಗಳಲ್ಲಿ ಯಾವುದಾದರೂ ಒಂದನ್ನು ಮುಚ್ಚಿದರೆ ಸಾಕು, ಆ ಫೈಲಿನ ಮೇಲೆ ಆ ಪ್ರೊಸೆಸ್ ಹಾಕಿದ್ದ ಎಲ್ಲ ಬೀಗಗಳೂ ಬಿದ್ದುಹೋಗುತ್ತವೆ.

ಇದು ಎಷ್ಟು ಅಪಾಯಕಾರಿ ಎಂಬುದಕ್ಕೆ ಬಿಎಸ್‌ಡಿಯ ಕೈಪಿಡಿಯಲ್ಲೇ ಉದಾಹರಣೆಯಿದೆ. ಒಂದು ಪ್ರೋಗ್ರಾಂ ಪಾಸ್‌ವರ್ಡ್ ಫೈಲಿಗೆ ಬೀಗ ಹಾಕಿ ತಿದ್ದುತ್ತಿದೆ ಎನ್ನಿ. ನಡುವೆ ಒಬ್ಬ ಬಳಕೆದಾರನ ವಿವರ ಬೇಕಾಗಿ ಲೈಬ್ರರಿಯ ಒಂದು ಸಾಮಾನ್ಯ ಫಂಕ್ಷನ್ ಕರೆಯುತ್ತದೆ. ಆ ಫಂಕ್ಷನ್ ತನ್ನಷ್ಟಕ್ಕೆ ಅದೇ ಫೈಲನ್ನು ತೆರೆದು, ಓದಿ, ಮುಚ್ಚುತ್ತದೆ. ಅಷ್ಟೇ, ಬೀಗ ಮಾಯ. ಯಾವ ಎಚ್ಚರಿಕೆಯೂ ಬರುವುದಿಲ್ಲ, ಪ್ರೋಗ್ರಾಂ ತನ್ನ ಬೀಗ ಇನ್ನೂ ಇದೆ ಎಂದೇ ನಂಬಿ ಬರೆಯುತ್ತಿರುತ್ತದೆ. ಕೈಪಿಡಿ ಬರೆದವರು ಈ ನಿಯಮವನ್ನು ಪೂರಾ ಮೂರ್ಖತನವೆಂದು ಮುಚ್ಚುಮರೆಯಿಲ್ಲದೆ ಕರೆದಿದ್ದಾರೆ. ಆ ಮಾತಿನಲ್ಲಿ ಅತಿಶಯವಿಲ್ಲ. ಲೈಬ್ರರಿಗಳ ಮೇಲೆ ಲೈಬ್ರರಿ ಪೇರಿಸಿ ಕಟ್ಟುವ ಕಾಲದಲ್ಲಿ, ಒಳಗೆ ಯಾರು ಯಾವ ಫೈಲ್ ತೆರೆದು ಮುಚ್ಚುತ್ತಾರೆಂದು ತಿಳಿಯುವುದು ಯಾವ ಪ್ರೋಗ್ರಾಮರನ ಕೈಲೂ ಆಗದು.

ಇದರ ಪೆಟ್ಟು ಹೆಚ್ಚು ಬಿದ್ದದ್ದು ಅಂಚೆಯ ಮೇಲೆ. ಯುನಿಕ್ಸ್‌ನಲ್ಲಿ ಒಬ್ಬರಿಗೆ ಬಂದ ಇಮೇಲ್‌ಗಳೆಲ್ಲ ಒಂದೇ ಫೈಲಿನಲ್ಲಿ ಒಂದರ ಹಿಂದೊಂದು ಸೇರುತ್ತಿದ್ದವು. ಅಂಚೆ ತಲುಪಿಸುವ ಪ್ರೋಗ್ರಾಂ ಕೊನೆಗೆ ಸೇರಿಸುತ್ತದೆ, ಓದುವ ಪ್ರೋಗ್ರಾಂ ಅಳಿಸಿದ್ದನ್ನು ತೆಗೆದು ಇಡೀ ಫೈಲನ್ನು ಮತ್ತೆ ಬರೆಯುತ್ತದೆ. ಒಂದು ಎಫ್‌ಲಾಕ್ ಹಾಕಿ, ಇನ್ನೊಂದು ಎಫ್‌ಸಿಎನ್‌ಟಿಎಲ್ ಹಾಕಿದರೆ? ಯುನಿಕ್ಸ್ ಬಗೆಯದೇ ಆದ ಲಿನಕ್ಸ್‌ನಲ್ಲಿ 2.0 ಆವೃತ್ತಿಯಿಂದ ಇವೆರಡೂ ಒಂದನ್ನೊಂದು ಕಾಣುವುದೇ ಇಲ್ಲ. ಕೆಲವು ಬಿಎಸ್‌ಡಿಗಳಲ್ಲಿ ಕಾಣುತ್ತವೆ. ಎರಡೂ ಪ್ರೋಗ್ರಾಂಗಳು ಶಿಸ್ತಾಗಿ ಬೀಗ ಹಾಕಿದ್ದರೂ ಪತ್ರಗಳು ಹಾಳಾಗಬಹುದಿತ್ತು. ಕೊನೆಗೆ ಲಿನಕ್ಸ್‌ನ ಡೆಬಿಯನ್ ಆವೃತ್ತಿಯವರು ತಮ್ಮ ನಿಯಮಾವಳಿಯಲ್ಲೇ ಬರೆದಿಟ್ಟರು: ಅಂಚೆಯ ಎಲ್ಲ ಪ್ರೋಗ್ರಾಂಗಳೂ ಮೊದಲು ಎಫ್‌ಸಿಎನ್‌ಟಿಎಲ್ ಬೀಗ, ಆಮೇಲೆ ಲಾಕ್ ಫೈಲ್, ಇದೇ ಕ್ರಮದಲ್ಲಿ ಎರಡನ್ನೂ ಹಾಕಬೇಕು.

ನೆಟ್‌ವರ್ಕ್ ಬಂದ ಮೇಲೆ ತೊಡಕು ಇಮ್ಮಡಿಯಾಯಿತು. ಸನ್ ಕಂಪನಿ 1980ರ ದಶಕದ ನಡುವಿನಲ್ಲಿ ತಂದ, ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ಎನ್‌ಎಫ್‌ಎಸ್‌ನಲ್ಲಿ, ಯಾವ ಯಂತ್ರ ಯಾವ ಫೈಲ್ ತೆರೆದಿದೆ ಎಂಬುದನ್ನು ಸರ್ವರ್ ನೆನಪಿಟ್ಟುಕೊಳ್ಳುತ್ತಲೇ ಇರಲಿಲ್ಲ. ಸರ್ವರ್ ಬಿದ್ದು ಎದ್ದರೂ ಕೆಲಸ ಮುಂದುವರಿಯಲಿ ಎಂಬ ಒಳ್ಳೆಯ ಉದ್ದೇಶ ಅದು. ಆದರೆ ಬೀಗ ಎಂದರೇ ನೆನಪು. ಹೀಗಾಗಿ ಲಾಕ್‌ಡಿ, ಸ್ಟ್ಯಾಟ್‌ಡಿ ಎಂಬ ಎರಡು ಪ್ರತ್ಯೇಕ ಸೇವಕರನ್ನು ಪಕ್ಕದಲ್ಲಿ ನಿಲ್ಲಿಸಬೇಕಾಯಿತು. ಹಳೆಯ ಎನ್‌ಎಫ್‌ಎಸ್‌ನಲ್ಲಿ ಲಾಕ್ ಫೈಲ್ ಸೃಷ್ಟಿಯನ್ನೂ ನಂಬುವಂತಿರಲಿಲ್ಲ. ಬೇರೆ ಯಾರೂ ಇಡದ ಹೆಸರಿನಲ್ಲಿ ಒಂದು ಫೈಲ್ ಮಾಡಿ, ಅದಕ್ಕೆ ಲಾಕ್ ಹೆಸರಿನಲ್ಲಿ ಇನ್ನೊಂದು ಕೊಂಡಿ ಹಾಕಿ, ಕೊಂಡಿಗಳ ಎಣಿಕೆ 2 ಆಗಿದೆಯೇ ಎಂದು ನೋಡಿ ಬೀಗ ಸಿಕ್ಕಿದ್ದನ್ನು ಖಚಿತಪಡಿಸಿಕೊಳ್ಳಬೇಕಿತ್ತು. ಕ್ಯೂಮೇಲ್ ಎಂಬ ಅಂಚೆ ಪ್ರೋಗ್ರಾಂ ಬರೆದ ಡೇನಿಯಲ್ ಬರ್ನ್‌ಸ್ಟೀನ್ ಈ ಗೊಂದಲವನ್ನೇ ಪಕ್ಕಕ್ಕಿಟ್ಟರು. ಅವರ ಮೇಲ್‌ಡಿರ್‌ನಲ್ಲಿ ಒಂದು ಪತ್ರಕ್ಕೆ ಒಂದು ಫೈಲ್, ಟಿಎಂಪಿ ಡೈರೆಕ್ಟರಿಯಲ್ಲಿ ಬರೆದು ಮುಗಿಸಿ ಆಮೇಲೆ ನ್ಯೂ ಡೈರೆಕ್ಟರಿಗೆ ಸಾಗಿಸುವುದು. ಬೀಗವೇ ಬೇಡ. ಈ ಇಡೀ ಇತಿಹಾಸದಲ್ಲಿ ಇದಕ್ಕಿಂತ ಸೊಗಸಾದ ಉತ್ತರ ಕಡಿಮೆ.

ಇತ್ತ ಪಿಸಿಗಳ ಲೋಕದಲ್ಲಿ ಒಂದು ಯಂತ್ರ, ಒಬ್ಬ ಬಳಕೆದಾರ, ಒಂದು ಹೊತ್ತಿಗೆ ಒಂದು ಪ್ರೋಗ್ರಾಂ. ಬೀಗದ ಮಾತೇ ಇರಲಿಲ್ಲ. 1984ರಲ್ಲಿ ಡಾಸ್ 3.0 ಬರುವ ಹೊತ್ತಿಗೆ ಪಿಸಿಗಳನ್ನು ತಂತಿಯಿಂದ ಜೋಡಿಸಿ ಡಿಸ್ಕ್ ಹಂಚಿಕೊಳ್ಳುವ ಕಾಲ ಕಣ್ಣೆದುರಿಗಿತ್ತು. ಡಾಸ್ ಜೊತೆ ಶೇರ್.ಎಕ್ಸ್‌ಇ ಬಂತು. ಫೈಲ್ ತೆರೆಯುವಾಗಲೇ ಪ್ರೋಗ್ರಾಂ ಹೇಳಬೇಕು: ಬೇರೆ ಯಾರಿಗೂ ಬೇಡ, ಬೇರೆಯವರು ಬರೆಯುವುದು ಬೇಡ, ಓದುವುದು ಬೇಡ, ಅಥವಾ ಯಾವ ತಕರಾರೂ ಇಲ್ಲ. ಏನೂ ಹೇಳದ ಹಳೆಯ ಪ್ರೋಗ್ರಾಂಗಳಿಗೆ ಹೊಂದಾಣಿಕೆಯ ಐದನೆಯ ವಿಧ. ಇದು ಸಲಹೆಯಲ್ಲ, ಆಜ್ಞೆ. ಮೀರಿದವರ ಪರದೆಯ ಮೇಲೆ ಶೇರಿಂಗ್ ವಯೊಲೇಷನ್ ಎಂಬ ದೋಷ, ಕೈಬಿಡುವೆಯಾ, ಮತ್ತೆ ಪ್ರಯತ್ನಿಸುವೆಯಾ ಎಂಬ ಪ್ರಶ್ನೆ. ಐಬಿಎಂನ ಡಿಡಿ ಕಾರ್ಡು ನೋಡಿದವರಿಗೆ ಇದರ ಮುಖಪರಿಚಯ ಇರಲೇಬೇಕು.

1990ರ ದಶಕದಲ್ಲಿ ಕರ್ನಾಟಕದ ಊರೂರಿನ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಡಿಬೇಸ್, ಫಾಕ್ಸ್‌ಪ್ರೊ ಕಲಿತವರಿಗೆ ಈ ಲೋಕ ಚಿರಪರಿಚಿತ. ಇಡೀ ಟೇಬಲ್ಲಿಗೆ ಎಫ್‌ಲಾಕ್, ಒಂದೇ ದಾಖಲೆಗೆ ಆರ್‌ಲಾಕ್. ಹೆಸರು ಬರ್ಕ್ಲಿಯ ಕರೆಯದ್ದೇ ಆದರೂ ಸಂಬಂಧವಿಲ್ಲ. ಒಬ್ಬರು ಬಿಲ್ ತಿದ್ದುವಾಗ ಇನ್ನೊಬ್ಬರು ಅದೇ ದಾಖಲೆಗೆ ಹೋದರೆ ಅದು ಬೇರೆಯವರ ಬಳಕೆಯಲ್ಲಿದೆ ಎಂಬ ಸಂದೇಶ ಬರುತ್ತಿತ್ತು.

ವಿಂಡೋಸ್ ಎನ್‌ಟಿ 1993ರಲ್ಲಿ ಬಂದಾಗ ಡಾಸ್‌ನ ಹಂಚಿಕೆಯ ವಿಧಗಳನ್ನು ಕರ್ನಲ್ಲಿನೊಳಗೇ ಕೂರಿಸಿತ್ತು. ಅದನ್ನು ಕಟ್ಟಿದ ಡೇವ್ ಕಟ್ಲರ್ ಬಂದದ್ದು ಡಿಜಿಟಲ್ ಕಂಪನಿಯ ವಿಎಂಎಸ್ ಬಳಗದಿಂದ. ಬೀಗದಲ್ಲೇ ಆರು ದರ್ಜೆಗಳಿದ್ದ, ಹಲವು ಯಂತ್ರಗಳ ಗುಂಪಿಗೂ ಒಂದೇ ಬೀಗ ನಡೆಸಬಲ್ಲ ವ್ಯವಸ್ಥೆಯದು. ಭಾರತೀಯ ರೈಲ್ವೆಯ ಟಿಕೆಟ್ ಕಾಯ್ದಿರಿಸುವ ಕೆಲಸ ಹಲವು ವರ್ಷ ನಡೆದದ್ದು ವಿಎಂಎಸ್ ಮೇಲೆಯೇ. ಎನ್‌ಟಿಯಲ್ಲಿ ಅಳಿಸುವುದೂ ಒಂದು ಹಂಚಿಕೆ. ಫೈಲ್ ತೆರೆದವರು ಅಳಿಸಲು ಅನುಮತಿ ಕೊಟ್ಟಿರದಿದ್ದರೆ ಬೇರೆ ಯಾರೂ ಅಳಿಸುವಂತಿಲ್ಲ. ಓಡುತ್ತಿರುವ ಪ್ರೋಗ್ರಾಂನ ಫೈಲನ್ನಂತೂ ಅಳಿಸಲಾಗದು. ಹಾಗಾಗಿಯೇ ಅಪ್‌ಡೇಟ್ ಬಂದಾಗ ಹೊಸ ಫೈಲನ್ನು ಪಕ್ಕದಲ್ಲಿಟ್ಟು, ಮುಂದಿನ ಸಲ ಶುರುವಾದಾಗ ಬದಲಿಸು ಎಂದು ರಿಜಿಸ್ಟ್ರಿಯಲ್ಲಿ ಚೀಟಿ ಬರೆದು, ಯಂತ್ರವನ್ನು ರೀಸ್ಟಾರ್ಟ್ ಮಾಡಿಸುವ ರೂಢಿ ಬೆಳೆಯಿತು.

ಯುನಿಕ್ಸ್‌ನಲ್ಲಿ ಅಳಿಸುವುದೆಂದರೆ ಡೈರೆಕ್ಟರಿಯಿಂದ ಹೆಸರನ್ನು ತೆಗೆಯುವುದು ಮಾತ್ರ. ತೆರೆದುಕೊಂಡವರು ಮುಚ್ಚುವ ತನಕ ಒಳಗಿನ ಮಾಹಿತಿ ಉಳಿಯುತ್ತದೆ. ಆದ್ದರಿಂದ ಲಿನಕ್ಸ್ ಸರ್ವರಿನಲ್ಲಿ ಓಡುತ್ತಿರುವ ಪ್ರೋಗ್ರಾಂನ ಲೈಬ್ರರಿಯನ್ನೇ ಬದಲಿಸಬಹುದು. ಇದನ್ನು ಕೇವಲ ಹೆಚ್ಚುಗಾರಿಕೆ ಎಂದು ಹೊಗಳುವವರು ಒಂದು ಮರೆಯುತ್ತಾರೆ. ಹಳೆಯದನ್ನು ತೆರೆದಿಟ್ಟ ಪ್ರೋಗ್ರಾಂ ಅದರ ದೋಷಗಳ ಸಮೇತ ಹಳೆಯದನ್ನೇ ಓಡಿಸುತ್ತಿರುತ್ತದೆ, ಯಾರಾದರೂ ಅದನ್ನು ನಿಲ್ಲಿಸಿ ಶುರುಮಾಡುವ ತನಕ. ವಿಂಡೋಸ್ 10ರ ಕಾಲಕ್ಕೆ ಮೈಕ್ರೋಸಾಫ್ಟ್ ಕೂಡ ಯುನಿಕ್ಸ್ ಬಗೆಯ ಅಳಿಸುವಿಕೆಯನ್ನು ತನ್ನ ಫೈಲ್ ವ್ಯವಸ್ಥೆ ಎನ್‌ಟಿಎಫ್‌ಎಸ್‌ಗೆ ಸೇರಿಸಿತು.

ಈ ಎರಡೂ ಸಂಪ್ರದಾಯಗಳು ಎದುರುಬದುರಾದ ಗುರುತು ಇಂದು ಹೆಚ್ಚುಕಡಿಮೆ ಪ್ರತಿಯೊಬ್ಬರ ಮೊಬೈಲಿನಲ್ಲಿದೆ. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಇರುವ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸನ್ನು ರಿಚರ್ಡ್ ಹಿಪ್ 2000ದಲ್ಲಿ ಆರಂಭಿಸಿದರು. ಅದು ಯುನಿಕ್ಸ್‌ನಲ್ಲೂ ಓಡಬೇಕು, ವಿಂಡೋಸ್ 95ರಲ್ಲೂ ಓಡಬೇಕು. ವಿಂಡೋಸ್‌ನಲ್ಲಿ ಬೀಗ ಹಾಕಿದ ಬೈಟನ್ನು ಬೇರೆಯವರು ಓದಲಾರರು, ಹಾಗಾದರೆ ಮಾಹಿತಿಯ ಮೇಲೆ ಬೀಗ ಹಾಕುವಂತಿಲ್ಲ. ಹಿಪ್ ಬೀಗಗಳನ್ನು ಫೈಲಿನ 1 ಜಿಬಿ ಗಡಿಯಾಚೆಗೆ, 1,073,741,824ನೆಯ ಸ್ಥಾನದಿಂದ ಶುರುವಾಗುವ ಕೆಲವು ಬೈಟುಗಳ ಮೇಲೆ ಇಟ್ಟರು. ಫೈಲ್ ಬರಿಯ 10 ಕೆಬಿ ಇದ್ದರೂ ಬೀಗ ಬೀಳುವುದು ಅಲ್ಲಿ, ಇಲ್ಲದ ಬೈಟಿನ ಮೇಲೆ. ಎರಡೂ ವ್ಯವಸ್ಥೆಗಳು ಅದನ್ನು ಒಪ್ಪುತ್ತವೆ. ಫೈಲ್ ಅಷ್ಟು ಬೆಳೆದರೆ ಆ ಪುಟವನ್ನು ಎಸ್‌ಕ್ಯೂಲೈಟ್ ಖಾಲಿ ಬಿಡುತ್ತದೆ. ವಿಂಡೋಸ್ 95ರಲ್ಲಿ ಹಲವರು ಒಟ್ಟಿಗೆ ಹಿಡಿಯಬಹುದಾದ ಓದುವ ಬೀಗವೂ ಇರಲಿಲ್ಲ. ಅದಕ್ಕೆ 510 ಬೈಟುಗಳ ಒಂದು ಸಾಲು ಮೀಸಲಿಟ್ಟು, ಓದುವ ಪ್ರತಿಯೊಬ್ಬರೂ ಅದರಲ್ಲಿ ಮನಸ್ಸಿಗೆ ಬಂದ ಒಂದು ಬೈಟ್ ಹಿಡಿಯುವ ಏರ್ಪಾಟು. ಬರೆಯುವವರಿಗೆ ಮಾತ್ರ ಎಲ್ಲ 510 ಬೈಟುಗಳೂ ಬೇಕು. ವಿಂಡೋಸ್ 95 ಹೋಗಿ ಕಾಲವಾಯಿತು, ಅದಕ್ಕಾಗಿ ಬಿಟ್ಟ ಜಾಗ ಹಾಗೆಯೇ ಇದೆ. ಪಾಸಿಕ್ಸ್‌ನ ಮುಚ್ಚುವ ನಿಯಮದಿಂದ ಪಾರಾಗಲು, ಬೀಗ ಬಿಡುಗಡೆಯಾಗುವ ತನಕ ಫೈಲುಗಳನ್ನು ಮುಚ್ಚದೆ ತಡೆದಿಡುವ ಪಟ್ಟಿಯೊಂದನ್ನೂ ಎಸ್‌ಕ್ಯೂಲೈಟ್ ಇಟ್ಟುಕೊಂಡಿದೆ.

ಲಿನಕ್ಸ್ 2014ರಲ್ಲಿ, 3.15 ಆವೃತ್ತಿಯಲ್ಲಿ, ಆ ನಿಯಮಕ್ಕೆ ಪರ್ಯಾಯ ತಂದಿತು. ಹೊಸ ಬೀಗ ಪ್ರೊಸೆಸ್‌ಗೆ ಅಂಟಿಕೊಳ್ಳುವುದಿಲ್ಲ, ತೆರೆದ ಫೈಲಿಗೆ ಅಂಟಿಕೊಳ್ಳುತ್ತದೆ. 2024ರ ಪಾಸಿಕ್ಸ್ ಅದನ್ನು ಒಪ್ಪಿಕೊಂಡಿತು. ತಪ್ಪು ಮಾನಕವಾದ 36 ವರ್ಷಗಳ ಬಳಿಕ ಮಾನಕದಲ್ಲೇ ಪರಿಹಾರ! ಯಾರೂ ಹೆಚ್ಚು ಬಳಸದ, ಪೂರ್ತಿ ನಂಬಲೂ ಆಗದ ಸಿಸ್ಟಂ ಫೈವ್ ಬಗೆಯ ಕಡ್ಡಾಯ ಬೀಗವನ್ನು ಲಿನಕ್ಸ್ 2021ರಲ್ಲಿ, 5.15 ಆವೃತ್ತಿಯಲ್ಲಿ, ಕಿತ್ತೇ ಹಾಕಿತು.

ಹಳೆಯ ಲಾಕ್ ಫೈಲ್ ಮಾತ್ರ ಸಾಯಲಿಲ್ಲ. ವರ್ಡ್‌ನಲ್ಲಿ ಕಡತ ತೆರೆದರೆ ಪಕ್ಕದಲ್ಲಿ ~$ ಎಂದು ಆರಂಭವಾಗುವ ಅಡಗಿದ ಫೈಲ್, ಲಿಬ್ರೆಆಫೀಸ್‌ನಲ್ಲಿ ಹೆಸರಿನ ಕೊನೆಗೆ # ಇರುವ ಫೈಲ್, ಈಮ್ಯಾಕ್ಸ್ ಎಡಿಟರಿನಲ್ಲಿ .# ಎಂದು ಆರಂಭವಾಗುವ ಕೊಂಡಿ. ಎಲ್ಲದರಲ್ಲೂ ತಿದ್ದುತ್ತಿರುವವರ ಹೆಸರು. ಎಡಿಟರುಗಳಿಗೆ ಕರ್ನಲ್ ಬೀಗ ಸಾಲದು ಎಂದು 1974ರಲ್ಲಿ ರಿಚಿ, ಥಾಂಪ್ಸನ್ ಹೇಳಿದ್ದಕ್ಕೆ ಇವೇ ಸಾಕ್ಷಿ.

ಲಿನಕ್ಸ್ ಬಳಸುವ ಓದುಗರು ಒಂದು ವ್ಯತ್ಯಾಸವನ್ನು ದಯವಿಟ್ಟು ಮನಸ್ಸಿನಲ್ಲಿಡಬೇಕು. ಕೋಡಿನ ಆವೃತ್ತಿಗಳನ್ನು ಕಾಪಾಡುವ ಗಿಟ್‌ನ ಇಂಡೆಕ್ಸ್.ಲಾಕ್ ಹಳೆಯ ಬಗೆಯದು, ಆ ಫೈಲ್ ಇರುವುದೇ ಬೀಗ. ಯಾವ ಗಿಟ್ ಪ್ರೊಸೆಸ್ಸೂ ಓಡುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಅದನ್ನು ಅಳಿಸುವುದು ಸರಿ. ಉಬುಂಟುವಿನಲ್ಲಿ ಸಾಫ್ಟ್‌ವೇರ್ ಹಾಕುವಾಗ ಅಡ್ಡ ಬರುವ, ಪ್ಯಾಕೇಜ್ ನಿರ್ವಹಿಸುವ ಡಿಪಿಕೆಜಿಯ ಲಾಕ್ ಫೈಲ್ ಹಾಗಲ್ಲ. ಆ ಫೈಲ್ ಯಾವಾಗಲೂ ಇರುತ್ತದೆ, ಅದರ ಮೇಲೆ ಕರ್ನಲ್ ಹಿಡಿದ ಎಫ್‌ಸಿಎನ್‌ಟಿಎಲ್ ಬೀಗವೇ ನಿಜವಾದ ಬೀಗ. ಫೈಲ್ ಅಳಿಸಿದರೆ ಮೊದಲ ಪ್ರೋಗ್ರಾಂ ಹಳೆಯ ಫೈಲಿನ ಮೇಲೆ ಬೀಗ ಹಿಡಿದೇ ಇರುತ್ತದೆ, ಎರಡನೆಯದು ಅದೇ ಹೆಸರಿನಲ್ಲಿ ಹೊಸ ಫೈಲ್ ಮಾಡಿ ಅದಕ್ಕೆ ಬೀಗ ಹಾಕುತ್ತದೆ, ಎರಡೂ ಒಂದೇ ಪ್ಯಾಕೇಜ್ ಪಟ್ಟಿಯನ್ನು ತಿದ್ದತೊಡಗುತ್ತವೆ. ಅಳಿಸಿ ಎಂದು ಯಾರೇ ಸಲಹೆ ಕೊಟ್ಟರೂ ಕೇಳಬೇಡಿ. ಬೀಗ ಹಿಡಿದಿರುವ ಪ್ರೊಸೆಸ್ ಯಾವುದೆಂದು ಹುಡುಕಿ, ಬಹುತೇಕ ಸಲ ಅದು ಹಿನ್ನೆಲೆಯಲ್ಲಿ ನಡೆಯುವ ಅಪ್‌ಡೇಟ್ ಆಗಿರುತ್ತದೆ, ಅದು ಮುಗಿಯುವ ತನಕ ಕಾಯಿರಿ.